ಹಸಿ ಹಂಚಿನ ಮೇಲೆ ಓಡಿದ್ದು

ನೀರು ಎಲ್ಲಿಂದಲೋ ತೊಟ್ಟಿಕ್ಕುತ್ತಲೇ ಇದೆ, ಒಡೆದ ಕೊಳವೆಯಿಂದಲೇ ಇರಬೇಕು, ಅದನ್ನು ಹುಡುಕಲೆಂದೇ ನೆಲಮಾಳಿಗೆಯ ಚಪ್ಪಡಿ ಎಬ್ಬಿಸಿದ್ದು, ಸಿಕ್ಕಿದ್ದು ಕೊಳವೆಯಲ್ಲ, ಹಂಚು — ಮೊಳಕ್ಕಿಂತ ಅಗಲ, ಕೆಂಪು, ಚಕ್ರವರ್ತಿಗಳ ಕಾಲದ್ದು, ಅದರ ನಡುವೆ ನಾಯಿಮರಿಯ ಹೆಜ್ಜೆ, ನಾಲ್ಕು ಬೆರಳು, ಒಂದು ಅಂಗಾಲು, ಬ್ಯಾಟರಿ ಓರೆ ಮಾಡಿದರೆ ಮಾತ್ರ ಕಾಣುತ್ತದೆ. ಹಂಚನ್ನು ಸುಡುವ ಮೊದಲು ಬಿಸಿಲಿಗೆ ಹಾಕಿದ್ದಾಗ ಓಡಿಹೋಗಿದೆ ಮುಂಡೇದು, ಯಾರೋ ಬೈದಿರಬೇಕು, ಬೈದರೂ ಹಂಚು ಬಿಸಾಡಲಿಲ್ಲ ನೋಡು, ಹಾಗೇ ಸುಟ್ಟು ಹಾಸಿದ್ದಾರೆ, ರೋಮಿನವರೇ ಸರಿ, ಜಿಪುಣರು. ಪಕ್ಕದ ಬಕೆಟ್ಟಿನಲ್ಲಿ ಗಾರೆ ಬಿಗಿಯಾಗುತ್ತಿದೆ. ಗಂಡ ಒರೆಸ್ತೆ ಕಲಸಿಟ್ಟು ಮೇಲೆ ಹೋದ, ಇವತ್ತು ಗುರುವಾರ, ಗುರುವಾರವೆಂದರೆ ರೋಮಿನಲ್ಲಿ ಆಲೂಗಡ್ಡೆಯ ಬೇಯಿಸಿದ ಉಂಡೆ, ನ್ಯೊಕ್ಕಿ, ಹೋಟೆಲು ತುಂಬುವ ದಿನ, ಬಗ್ಗಿ ಕೂರಲು ನನ್ನ ಮಂಡಿಗೆ ಆಗೋದಿಲ್ಲ, ನೀನೇ ಮುಚ್ಚಿಬಿಡೇ ಎರ್ಸಿಲಿಯಾ, ಯಾರಿಗೂ ಹೇಳಬೇಡ ಎಂದ. ಹೇಳುವುದುಂಟೇ, ಮೋಂತಿಯ ಈ ಓಣಿಗಳಲ್ಲಿ ಯಾರ ನೆಲದಡಿ ಏನಿಲ್ಲ, ಸಿಕ್ಕ ರಾತ್ರಿಯೇ ಸಿಮೆಂಟು ಬೀಳುತ್ತದೆ, ಬೆಳಗ್ಗೆ ಎಲ್ಲರೂ ಕಾಫಿ ಕುಡಿಯುತ್ತ ಏನೂ ಅರಿಯದವರು. ಎದುರಿನ ಚಪ್ಪಲಿ ಹೊಲಿಯುವ ಕ್ವಿರೀನೋ ಮಾತ್ರ ಹರಿಶ್ಚಂದ್ರನಾಗಲು ಹೋದ, ಪುರಾತತ್ವದ ಅಧಿಕಾರಿಗಳು ಬಂದರು, ಹೊಗಳಿದರು, ಬಾಗಿಲಿಗೆ ಹಲಗೆ ಬಡಿದರು, ಈಗ ಅವನು ಮಗಳ ಮನೆಯಲ್ಲಿ ಟೀವಿ ನೋಡುತ್ತಾನೆ. ನಮಗೆ ಮಗಳೂ ಇಲ್ಲ, ಇರುವುದು ಈ ಹೋಟೆಲೊಂದೇ.

ಕರಣೆ ಕೈಯಲ್ಲಿದೆ, ಒಂದು ಕರಣೆ ಗಾರೆ ಸಾಕು ಹೆಜ್ಜೆಗೆ — ತೊಟ್, ಮತ್ತೆ ನೀರು, ಪ್ಯಾಂಥಿಯನ್ನಿನಲ್ಲೂ ಹೀಗೇ ಬೀಳುತ್ತಿತ್ತು, ಮಳೆ, ಗುಮ್ಮಟದ ನೆತ್ತಿಯ ತೂತಿನಿಂದ ನೆಟ್ಟಗೆ ಒಳಗೆ, ಅಪ್ಪ ಗಾರೆ ಕೆಲಸದವನು, ಮಳೆ ಬಂತೆಂದರೆ ಕೆಲಸವಿಲ್ಲ, ನನ್ನನ್ನು ಅಲ್ಲಿಗೆ ಕರೆದೊಯ್ಯುತ್ತಿದ್ದ, ನಾನು ತಲೆ ಎತ್ತಿ ನಿಂತರೆ ಬಾಯಿ ಮುಚ್ಚೇ, ಮಳೆ ಬೀಳುತ್ತೆ ಎನ್ನುತ್ತಿದ್ದ, ಕಂಬವಿಲ್ಲ, ಕಬ್ಬಿಣವಿಲ್ಲ, ಬರೀ ಗಾರೆ ಮಗಳೇ, ಮೇಲೆ ಹೋದಷ್ಟೂ ಹಗುರ ಕಲ್ಲು ಬೆರೆಸಿದ್ದಾರೆ ಎನ್ನುವಾಗ ಅವನ ದನಿ ಸಣ್ಣದಾಗುತ್ತಿತ್ತು, ಚರ್ಚಿನಲ್ಲೂ ಹಾಗೆ ಸಣ್ಣದಾಗಿದ್ದಿಲ್ಲ. ಆ ಮುಖಮಂಟಪದ ಕಂಚನ್ನು ಪೋಪ್ ಕಿತ್ತ, ಕೊಲೊಸಿಯಮ್ಮಿನ ಕಲ್ಲು ಹೊತ್ತು ಅರಮನೆ ಕಟ್ಟಿದರು, ಅಮೃತಶಿಲೆಯ ದೇವರುಗಳನ್ನು ಸುಟ್ಟು ಸುಣ್ಣ ಮಾಡಿದರು, ಆ ಸುಣ್ಣದಿಂದಲೇ ಇನ್ನೊಂದು ದೇವರಿಗೆ ಗೋಡೆ ಎದ್ದಿತು, ಯಾರ ಮನೆಯ ಗೋಡೆಯಲ್ಲಿ ಯಾವ ದೇವತೆಯ ಮೂಗು ಇದೆಯೋ ಯಾರು ಬಲ್ಲರು. ಹಳೆಯ ಊರಚೌಕ ಫೋರಮ್ಮಿನ ಕಂಬಗಳು ಕತ್ತಿನವರೆಗೆ ಮಣ್ಣಲ್ಲಿ, ಮೇಲೆ ದನ ಮೇಯುತ್ತಿದ್ದವು. ಆಮೇಲೆ ರಾಜನ ನೆನಪಿಗೆಂದು ಬೆಟ್ಟದ ಪಕ್ಕೆ ಅಗೆದು ಆ ಬಿಳಿಯ ಸ್ಮಾರಕವನ್ನು, ನಮ್ಮೂರ ಬಾಯಲ್ಲಿ ಟೈಪ್‌ರೈಟರು, ತಂದು ಕೂರಿಸಿದರು, ಅದನ್ನು ನೋಡಿ ನಗದವನು ರೋಮಿನವನೇ ಅಲ್ಲ, ಆದರೂ ಸಂಜೆ ಬಿಸಿಲು ಅದರ ಮೇಲೆ ಬಿದ್ದರೆ ನಾನು ಬಸ್ಸಿನಿಂದ ತಲೆ ಹೊರಹಾಕಿ ನೋಡುತ್ತೇನೆ, ಯಾಕೆ ಸುಳ್ಳು ಹೇಳಲಿ. ಒಂದು ಕಿತ್ತು ಇನ್ನೊಂದು, ಇನ್ನೊಂದು ಹೂತು ಮತ್ತೊಂದು, ಇಷ್ಟೆಲ್ಲ ಆಗುವಾಗ ಈ ಹೆಜ್ಜೆ ಇಲ್ಲೇ ಇತ್ತು, ನಾಲ್ಕು ಬೆರಳು, ಒಂದು ಅಂಗಾಲು.

ಅಜ್ಜಿ ಇದ್ದಿದ್ದರೆ ಏನೆನ್ನುತ್ತಿದ್ದಳು, ಮುಚ್ಚು ಎನ್ನುತ್ತಿದ್ದಳು, ಖಂಡಿತ. ಕೊಲೊಸಿಯಮ್ಮಿಗೆ ನೇರ ರಸ್ತೆ ಬೇಕೆಂದು ದೊಡ್ಡವರಿಗೆ ಅನ್ನಿಸಿದಾಗ ನಡುವೆ ಸಿಕ್ಕಿದ್ದು ವೇಲಿಯಾ ಅಜ್ಜಿಯ ಕೇರಿ. ಅವಳ ಅಡುಗೆಮನೆಯ ಗೋಡೆಯೊಳಗೆ ಹಳೆಯ ದೇಗುಲದ ಕಂಬವೊಂದಿತ್ತು, ಅದಕ್ಕೆ ತಾತ ಮೊಳೆ ಹೊಡೆದಿದ್ದ, ಅಜ್ಜಿ ಬೆಳ್ಳುಳ್ಳಿ ತೂಗುಹಾಕುತ್ತಿದ್ದಳು, ಮನೆ ಕೆಡವಿದರು, ಕಂಬ ಉಳಿಸಿದರು. ಕಲ್ಲಿಗೆ ಬೇಲಿ ಕಟ್ಟಿ ಕಾದ್ರು, ನಮ್ಮನ್ನ ಲಾರಿಗೆ ಹತ್ತಿಸಿ ಊರಾಚೆ ಬಿಟ್ರು — ಎಷ್ಟು ಸಲ ಕೇಳಿದ್ದೇನೆ. ಆದರೆ ಸತ್ತವರ ಹಬ್ಬದಂದು ಊರೆಲ್ಲ ಸ್ಮಶಾನಕ್ಕೆ ಹೋದರೆ ಅಜ್ಜಿ ಸೇವಂತಿಗೆ ಹಿಡಿದು ಆ ಕಂಬದ ಬಳಿಗೆ ಹೋಗುತ್ತಿದ್ದಳು, ನನ್ನನ್ನು ಎತ್ತಿ ತೋರಿಸುತ್ತಿದ್ದಳು, ಮೊಳೆ ಕಿತ್ತಿದ್ದರು, ತೂತು ಉಳಿದಿತ್ತು. ನೋಡೇ, ನಿಮ್ಮ ತಾತಂದು. ಸುತ್ತಲಿನವರೆಲ್ಲ ಕಂಬ ನೋಡುತ್ತಿದ್ದರು, ತೂತು ನೋಡುತ್ತಿದ್ದದ್ದು ನಾವಿಬ್ಬರೇ. ಅವಳ ಮುಖ ಬೆಳಗುತ್ತಿತ್ತು, ಈಗ ನೆನಪಾಗುತ್ತಿದೆ, ಸಿಟ್ಟಿನ ಮುಖವಲ್ಲ ಅದು. ಆ ತೂತಿಗೆ ಯಾರಾದರೂ ಗಾರೆ ಮೆತ್ತಿದ್ದರೆ — ಕರಣೆ ಒತ್ತಿದರೆ ಬಕೆಟ್ಟಿನಲ್ಲಿ ಇಳಿಯುತ್ತಿಲ್ಲ, ಗಾರೆ ಕಲ್ಲಾಗಿದೆ, ಯಾವಾಗ. ಸತ್ತೆಯೇನೇ ಅಲ್ಲಿ, ನೀರು ಕುದೀತಿದೆ, ಎಂದು ಒರೆಸ್ತೆ ಮೆಟ್ಟಿಲ ತುದಿಯಿಂದ ಕೂಗುತ್ತಾನೆ. ಇಳಿದು ಬಾ, ಕಾಲು ನೋಡಿಕೊಂಡು ಇಡು, ಎನ್ನುತ್ತೇನೆ. ಗೊಣಗುತ್ತ ಇಳಿಯುತ್ತಾನೆ, ಕೈತುಂಬ ಹಿಟ್ಟು, ನಾನು ಬೆಳಕು ಓರೆ ಮಾಡುತ್ತೇನೆ, ಬಗ್ಗಲಾರೆನೆಂದವನು ಮಂಡಿಯೂರಿ ಕೂತಿದ್ದಾನೆ, ಎಷ್ಟೋ ಹೊತ್ತು. ಮರಿ ಕಣೇ, ಎಂದ, ಅಪ್ಪನದೇ ಆ ಸಣ್ಣ ದನಿ. ಇವತ್ತು ನ್ಯೊಕ್ಕಿ ಬಡಿಸೋಣ, ಎಂದೆ, ನಾಳೆ ಅಧಿಕಾರಿಗಳಿಗೆ ಹೇಳಿಕಳಿಸೋಣ. ಹೋಟ್ಲು ಹೋಗುತ್ತೆ, ಎಂದ. ಹೋಗುತ್ತೆ. ಮೇಲೆ ಯಾರೋ ಕುರ್ಚಿ ಎಳೆಯುತ್ತಿದ್ದಾರೆ, ಗಿರಾಕಿಗಳು ಬಂದರು, ನಾವಿಬ್ಬರೂ ಏಳುತ್ತಿಲ್ಲ, ತೊಟ್, ಒಂದು ಬೆರಳು ತುಂಬಿತು, ತೊಟ್, ಇನ್ನೊಂದು, ಈಗ ತಾನೇ ಓಡಿಹೋದಂತೆ ಒದ್ದೆ, ನಾಲ್ಕು ಬೆರಳು, ಒಂದು ಅಂಗಾಲು