ರಂಗಪ್ಪನ ನಾರ್ಮಲ್ ಬಿಪಿ

ಭದ್ರಾವತಿಯ ಕಾರ್ಖಾನೆ ಕ್ವಾರ್ಟರ್ಸಿನ ಹಿಂದಿರುವ ಆರೋಗ್ಯ ಉಪಕೇಂದ್ರದಲ್ಲಿ ಬಿಪಿ ನೋಡುವ ಮೆಷಿನ್ ಒಂದೇ. ಅದರ ಸೆಲ್ಲನ್ನೂ ನರ್ಸ್ ವೀಣಾ ಶಿವಮೊಗ್ಗದ ಗಾಂಧಿ ಬಜಾರಿನಿಂದ ತಾನೇ ತರಬೇಕು. ಅದಕ್ಕೆ ಅವಳೇನೂ ಗೊಣಗಿದವಳಲ್ಲ. ಆದರೆ ಈಚೆಗೆ ಮೆಷಿನ್ ನಾರ್ಮಲ್ ತೋರಿಸಿದಾಗಲೆಲ್ಲ ಅವಳ ಎದೆ ಧಸಕ್ಕೆನ್ನುತ್ತಿತ್ತು.

ಅದಕ್ಕೆ ಕಾರಣ ರಂಗಪ್ಪ, ಕಾರ್ಖಾನೆಯ ಗೇಟಿನಲ್ಲಿ ಗುತ್ತಿಗೆಯ ಕಾವಲುಗಾರ. ತಿಂಗಳ ತಪಾಸಣೆಗೆ ಹೆಂಡತಿ ಸುವರ್ಣಮ್ಮನ ಜೊತೆ ಬಂದು, ತೋಳಿನ ಪಟ್ಟಿ ಬಿಚ್ಚುವ ಮೊದಲೇ "ಪಾಸಾ, ಮೇಡಂ?" ಎನ್ನುತ್ತಿದ್ದ. ಪ್ರತಿ ಸಲವೂ ಪಾಸು. ಸುವರ್ಣಮ್ಮನ ಬಿಪಿ ಮಾತ್ರ ಮಾತ್ರೆ ಕೊಟ್ಟರೂ ಇಳಿಯದು. "ಯಜಮಾನ್ರನ್ನ ನೋಡಿ ಕಲೀರಿ" ಎಂದು ವೀಣಾ ಎಲ್ಲರೆದುರು ಗದರಿದ್ದೂ ಉಂಟು. ಆಕೆ ತಲೆ ತಗ್ಗಿಸಿ ನಗುತ್ತಿದ್ದಳು. ಹೋದ ಮಳೆಗಾಲದಲ್ಲಿ ರಂಗಪ್ಪ ಗೇಟಿನ ಬಳಿಯೇ ಕುಸಿದು ಸತ್ತ. ಮಿದುಳಿನಲ್ಲಿ ರಕ್ತನಾಳ ಒಡೆದಿದೆ, ಬಿಪಿ ವರ್ಷಗಳಿಂದ ಏರಿಯೇ ಇದ್ದಿರಬೇಕು ಎಂದರು ದೊಡ್ಡಾಸ್ಪತ್ರೆಯವರು.

ಅಂದಿನಿಂದ ಅವನು ವೀಣಾಳನ್ನು ಬಿಟ್ಟಿಲ್ಲ. ಪಟ್ಟಿಯ ಗಾಳಿ ಸುಯ್ಯೆಂದು ಇಳಿಯುವಾಗ ಖಾಲಿ ಕುರ್ಚಿಯಿಂದ "ಪಾಸಾ?" ಎಂದು ಕೇಳಿದಂತಾಗುತ್ತದೆ. ಮೆಷಿನ್ ಸುಳ್ಳು ಹೇಳಿತೋ, ತಾನೇ ಎಡವಿದೆನೋ? ಶಿವಮೊಗ್ಗದ ಗೋಪಾಳ ಬಡಾವಣೆಯ ತನ್ನ ಮನೆಯಲ್ಲಿ ಊಟಕ್ಕೆ ಕೂತರೂ ಅದೇ ಯೋಚನೆ.

ಮಂಗಳವಾರ ಸುವರ್ಣಮ್ಮ ಮಗ ಪರಶುರಾಮನನ್ನು ಕರೆತಂದಳು. ಅವನಿಗೆ ಸ್ಕೂಲ್ ಬಸ್ಸಿನ ಡ್ರೈವರ್ ಕೆಲಸ ಸಿಗುವುದಿತ್ತು. ಬಿಪಿ ಸರಿಯಿದೆಯೆಂದು ಚೀಟಿ ಬೇಕಿತ್ತು. ಅಪ್ಪನದೇ ದಪ್ಪ ಕುತ್ತಿಗೆ, ಅಪ್ಪನದೇ ಕೆಂಪು ಕಣ್ಣು. ಅದೇ ಕುರ್ಚಿಯಲ್ಲಿ ಕೂತ. ಗಾಳಿ ಇಳಿಯಿತು. ನಾರ್ಮಲ್.

"ಪಾಸಾ, ಮೇಡಂ?" ಎಂದ, ಅದೇ ದನಿಯಲ್ಲಿ.

ವೀಣಾ ಚೀಟಿಗೆಂದು ಎತ್ತಿದ ಪೆನ್ನನ್ನು ಕೆಳಗಿಟ್ಟು, ಪಟ್ಟಿಯನ್ನು ಸುವರ್ಣಮ್ಮನ ತೋಳಿಗೆ ಸುತ್ತಿದಳು. ಆಕೆಯ ಬಿಪಿ ವಿಪರೀತ ಏರಿತ್ತು, ಮಾತ್ರೆಯನ್ನೇ ನುಂಗದವರ ಹಾಗೆ.

"ನಿಮ್ಮ ಮಾತ್ರೆ ಯಾರು ತಗೊಳ್ತಿದಾರೆ, ಸುವರ್ಣಮ್ಮ?"

ಆಕೆ ಮಗನ ಮುಖ ನೋಡಿದಳು. "ವಾರದಿಂದ ಇವನಿಗೆ ಕೊಡ್ತಿದೀನಿ ಮೇಡಂ. ಇವರಪ್ಪಂಗೂ ಹಂಗೇ, ಚೆಕಪ್ಪು ಹತ್ರ ಬಂದಾಗ ಕೊಡ್ತಿದ್ದೆ. ಫೇಲಾದ್ರೆ ಗೇಟಿಂದ ತೆಗೀತಾರೆ ಅಂತಿದ್ರು." ಸೆರಗನ್ನು ಬಾಯಿಗೆ ಒತ್ತಿಕೊಂಡಳು. "ಅವ್ರು ಕುಸಿದು ಬಿದ್ದ ದಿನ ನಂಗೆ ತಲೆ ತಿರುಗ್ತಿತ್ತು. ಉಳಿದಿದ್ದ ಮಾತ್ರೆ ನಾನೇ ನುಂಗ್ಬಿಟ್ಟೆ. ಅವ್ರಿಗೆ ಕೊಟ್ಟಿದ್ರೆ ಉಳೀತಿದ್ರು. ನಾನೇ ಕೊಂದೆ."

ವೀಣಾಳಿಗೆ ಅಳು ಉಕ್ಕಿ ಬಂತು. ತನ್ನ ಬೆನ್ನು ಹತ್ತಿದ್ದ ರಂಗಪ್ಪ ಈಕೆಯ ಮನೆಯಲ್ಲೂ ಕೂತಿದ್ದ, ನೀನೇ ಕೊಂದೆ ಎಂಬ ಇನ್ನೂ ದೊಡ್ಡ ಸುಳ್ಳು ಹೇಳುತ್ತ.

"ಆ ಒಂದು ಮಾತ್ರೆಯಿಂದ ಅವರು ಉಳೀತಿರಲಿಲ್ಲ. ಅವರಿಗೆ ಅವರದೇ ಮಾತ್ರೆ ದಿನಾ ಬೇಕಿತ್ತು," ಎಂದಳು. "ನಿಮ್ಮ ಬಿಪಿ ಯಾಕೆ ಇಳೀತಿಲ್ಲ ಅಂತ ನಾನು ಗದರಿದೆ, ಕೂತು ಕೇಳಲಿಲ್ಲ. ತಪ್ಪು ನಂದು."

ಆಮೇಲೆ ಪರಶುರಾಮನತ್ತ ತಿರುಗಿದಳು. "ನೀವು ಫೇಲು. ಇವತ್ತು ಚೀಟಿ ಇಲ್ಲ. ಡಾಕ್ಟ್ರ ಹತ್ರ ನಾನೇ ಕರ್ಕೊಂಡು ಹೋಗ್ತೀನಿ."

ಕೆಲಸ ಹೋಯಿತೆಂದು ಅವನು ಸಿಡುಕಿ ಹೊರಗೆ ನಡೆದ. ಸುವರ್ಣಮ್ಮ ಏಳಲಿಲ್ಲ.

"ಅವ್ರನ್ನೂ ಒಂದ್ಸಲ ಫೇಲ್ ಮಾಡಿದ್ದಿದ್ರೆ, ಮೇಡಂ," ಎಂದಳು ಮೆಲ್ಲಗೆ.

ವೀಣಾ ಆಕೆಯ ತೋಳಿನ ಪಟ್ಟಿ ಬಿಚ್ಚುತ್ತಿದ್ದಳು. ಅವಳ ಕೈ ಅಲ್ಲೇ ನಿಂತಿತು.