ಅಂಗೈ ಮೇಲಿನ ಹೊತ್ತು

ಶಂಕರಮ್ಮನಿಗೆ ಇಡೀ ದಿನದಲ್ಲಿ ತನ್ನದೆಂದು ಇದ್ದದ್ದು ಬೆಳಗಿನ ಪೂಜೆಯ ಹೊತ್ತು ಮಾತ್ರ. ಮಿಂದು ವಿಭೂತಿ ಧರಿಸಿ, ಕೊರಳಲ್ಲಿದ್ದ ಬೆಳ್ಳಿ ಕರಡಿಗೆಯಿಂದ ಇಷ್ಟಲಿಂಗ ತೆಗೆದು, ಎಡ ಅಂಗೈ ಮೇಲಿಟ್ಟು ಕಣ್ಣಿನ ಮಟ್ಟಕ್ಕೆ ಎತ್ತಿ ಹಿಡಿದಳೆಂದರೆ ಮುಗಿಯಿತು, ಕುಂತೂರಿನ ಆ ಮನೆಯಲ್ಲಿ ಯಾರೂ ಅವಳನ್ನು ಕರೆಯುವಂತಿಲ್ಲ. ಹಾಲು ಉಕ್ಕಿದರೆ ಸೊಸೆ ಮಾಲಿನಿ ಓಡಬೇಕು. ಕಬ್ಬಿನ ಗದ್ದೆಗೆ ಹೊರಟ ಗಂಡ ಶಿವರುದ್ರಸ್ವಾಮಿಗೆ ಟವಲ್ಲು ಸಿಗದಿದ್ದರೆ ಬರಿ ಹೆಗಲಲ್ಲೇ ಹೋಗಬೇಕು. ಮದುವೆಯಾಗಿ ಬಂದ ಹೊಸತರಲ್ಲಿ ಅತ್ತೆ ಮರಿದೇವಮ್ಮನೇ ಅವಳ ಮೊಣಕೈ ಹಿಡಿದೆತ್ತಿ ಕಲಿಸಿದ್ದರು. "ಕೈ ತೊಡೆ ಮ್ಯಾಕೆ ಇಳೀಬಾರ್ದು ಕಣಮ್ಮಿ. ಲಿಂಗ ಕಣ್ಣಿಗೆ ಕಣ್ಣಾಗಿರ್ಬೇಕು."

ಆ ಎಡಭುಜವೇ ಒಂದು ದಿನ ಮುನಿಸಿಕೊಂಡಿತು. ಮೊದಲು ತುರುಬು ಕಟ್ಟಲು ಬಿಡಲಿಲ್ಲ, ಆಮೇಲೆ ಅಟ್ಟದ ಡಬ್ಬಿ ಇಳಿಸಲು ಬಿಡಲಿಲ್ಲ. ಕೊನೆಗೆ ಲಿಂಗ ಹಿಡಿದ ಕೈ ನಡುಗತೊಡಗಿತು. ಎಲ್ಲಿ ಜಾರಿಬಿಡುತ್ತದೋ ಎಂಬ ಭಯಕ್ಕೆ ಅವಳ ಬೆನ್ನೆಲ್ಲ ಬೆವರುತ್ತಿತ್ತು.

"ಮಣೆ ಮ್ಯಾಲೆ ಮಡಿಕಂಡು ಪೂಜೆ ಮಾಡವ್ವ. ಶಿವ ಏನ್ ಮುನಿಸ್ಕತಾನಾ?" ಎಂದರು ಅತ್ತೆ. ಕರುಣೆಯಿಂದಲೇ ಹೇಳಿದ ಮಾತು.

ಶಿವ ಮುನಿಸಿಕೊಳ್ಳಲಿಲ್ಲ. ಆದರೆ ಲಿಂಗ ಮಣೆಗೆ ಇಳಿದ ಮರುದಿನದಿಂದಲೇ ಮನೆಯವರ ಕಣ್ಣಿಗೆ ಅವಳು ಸುಮ್ಮನೆ ಕೂತ ಹೆಂಗಸಾಗಿಬಿಟ್ಟಳು. "ಅತ್ತೆ, ಒಲೆ ಒಸಿ ನೋಡ್ಕಳಿ" ಎಂದು ಸೊಸೆ. "ಅಮ್ಮಿ, ನನ್ ಟವಲ್ಲೆಲ್ಲಮ್ಮಿ?" ಎಂದು ಗಂಡ. ಕಣ್ಣು ಮುಚ್ಚಿದರೆ ಅವಳಿಗೆ ಕಾಣುತ್ತಿದ್ದದ್ದು ಶಿವನಲ್ಲ, ಟವಲ್ಲು. ನೋವಿಗಿಂತ ಇದು ಅವಳನ್ನು ಹೆಚ್ಚು ತಿಂದಿತು. ಯಾರಿಗೆ ಹೇಳುವುದು? ನನ್ನ ಒಂದು ಗಳಿಗೆ ಕಳೆದುಹೋಗಿದೆ ಎಂದರೆ, ಅದಕ್ಕೂ ಮುಲಾಮು ಉಂಟಾ ಎಂದು ನಕ್ಕಾರು.

ಕೊಳ್ಳೇಗಾಲದಲ್ಲಿ ಇದಕ್ಕೆ ಮಿಷಿನ್ ಚಿಕಿತ್ಸೆ ಇದೆಯೆಂದು ಮಾಲಿನಿ ಹಿಂದಿನ ವರ್ಷವೇ ಹೇಳಿದ್ದಳು. ಅಷ್ಟರಲ್ಲಿ ಪಕ್ಕದ ಮನೆ ಪದ್ಮಿನಿ ಮೈಸೂರಲ್ಲಿ ಸೊಂಟದ ಸ್ಕ್ಯಾನಿಂಗ್ ಮಾಡಿಸಿ ಬಂದವಳು, "ಮೈಮ್ಯಾಲೆ ಚೂರು ಲೋಹ ಮಡಗಕ್ ಬುಡಲ್ಲ ಕಣಕ್ಕ. ತಾಳಿನೂ ಬಿಚ್ಚಿಸ್ಬುಟ್ರು" ಎಂದಿದ್ದಳು. ಮಿಷಿನ್ನೆಲ್ಲ ಒಂದೇ ಜಾತಿ ಎಂದುಕೊಂಡ ಶಂಕರಮ್ಮ ಕೊರಳ ಕರಡಿಗೆಯನ್ನು ಮುಚ್ಚಿ ಹಿಡಿದಳು. ಹುಟ್ಟಿದಾಗ ಕಟ್ಟಿದ್ದು, ಮಣ್ಣಿಗೂ ಜೊತೆಗೇ ಹೋಗುವಂಥದ್ದು. ಅದನ್ನು ಬಿಚ್ಚಿಟ್ಟು ಬರುವ ಭುಜ ಯಾರಿಗೆ ಬೇಕು? ಹೀಗೆಂದುಕೊಂಡೇ ಒಂದು ವರ್ಷ ನೋವು ನುಂಗಿದ್ದಳು.

ಟವಲ್ಲಿನ ಕೂಗು ತಡೆಯಲಾಗದೆ ಕೊನೆಗೊಂದು ದಿನ ಸೊಸೆಯೊಂದಿಗೆ ಕೊಳ್ಳೇಗಾಲದ ಬಸ್ಸು ಹತ್ತಿದಳು. ಮೂಳೆ ಡಾಕ್ಟರು ಎಕ್ಸ್‌ರೇ ತೆಗೆಸಿ, ಭುಜದ ಸ್ನಾಯು ಮೂಳೆಗೆ ಅಂಟುವ ಪಟ್ಟಿಯಲ್ಲಿ ಸುಣ್ಣ ಕಟ್ಟಿಕೊಂಡಿದೆ ಎಂದು ತೋರಿಸಿ, ಶಾಕ್‌ವೇವ್ ಕೊಡಿಸಿಕೊಳ್ಳಿ ಎಂದು ಪಕ್ಕದ ಕೋಣೆಗೆ ಕಳಿಸಿದರು. ಅಲ್ಲಿದ್ದವಳು ಯಳಂದೂರಿನ ಹುಡುಗಿ, ಫಿಸಿಯೋಥೆರಪಿ ಓದಿದ ಭವ್ಯ.

"ಕರೆಂಟಾ ತಾಯಿ?"

"ಇಲ್ಲಮ್ಮ, ಕರೆಂಟ್ ಮೈಗೆ ಹರಿಯಲ್ಲ. ಇದು ಬರೀ ಗುದ್ದೋದು. ಗುದ್ದಿದ ಅಲೆ ಒಳಕ್ಕೆ ಹೋಗುತ್ತೆ."

"ಇದ್ನ ಬಿಚ್ಬೇಕಾ?" ಕರಡಿಗೆಯನ್ನು ಮುಷ್ಟಿಯಲ್ಲಿ ಹಿಡಿದು ಕೇಳಿದಳು.

ಭವ್ಯ ನಕ್ಕಳು. "ಅದು ಎದೆ ಮೇಲಿದೆ, ನನ್ನ ಕೆಲಸ ಭುಜದಲ್ಲಿ. ಬಲಗೈಲಿ ಹಿಡ್ಕೊಂಡಿರಿ, ಸಾಕು."

ಇಷ್ಟೇನಾ? ಒಂದು ಮಾತು ಕೇಳದೆ ಒಂದು ವರ್ಷ ಸುಟ್ಟೆನಲ್ಲ ಎಂದು ಶಂಕರಮ್ಮನಿಗೆ ತನ್ನ ಮೇಲೇ ಸಿಟ್ಟು ಬಂತು. ಆ ಸಿಟ್ಟಿನಲ್ಲೇ ಭುಜ ಕೊಟ್ಟಳು. ತಣ್ಣನೆಯ ಜೆಲ್ ಹಚ್ಚಿ ಭವ್ಯ ಹಿಡಿಕೆಯನ್ನು ಒತ್ತಿದಳು. ಟಕಟಕಟಕ ಎಂದು ಮರಕುಟಿಗ ಕುಟ್ಟಿದಂತೆ ಕುಟ್ಟತೊಡಗಿತು. ನೋವಿನ ಬೇರಿಗೇ ಕುಟ್ಟುತ್ತಿತ್ತು. ಕಣ್ಣಲ್ಲಿ ನೀರು ಬಂದರೂ ಭುಜ ಹಿಂದಕ್ಕೆ ಎಳೆಯಲಿಲ್ಲ.

ಆ ರಾತ್ರಿ ನೋವು ಇನ್ನೂ ಏರಿತು. "ದಾರಿ ಖರ್ಚು ಮಾಡ್ಕಂಡು ಓಗಿ ಗುದ್ದಿಸ್ಕ ಬಂದ್ಲು ನಿನ್ ಎಡ್ತಿ" ಎಂದರು ಮರಿದೇವಮ್ಮ ಮಗನಿಗೆ.

"ಗುದ್ದೋಕೆ ನಾನಿರ್ನಿಲ್ವಾ?" ಎಂದ ಶಿವರುದ್ರಸ್ವಾಮಿ.

"ನೀವು ಗುದ್ದಿದ್ರೆ ಸುಣ್ಣ ಕರಗಲ್ಲ ಕಣ್ರಿ, ಬಳೆ ಒಡೀತವೆ ಅಷ್ಟೆ" ಎಂದಳು ಶಂಕರಮ್ಮ. ಮಾಲಿನಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು.

ಒಂದೆರಡು ದಿನ ನೋಯುತ್ತದೆ, ಹೆದರಬೇಡಿ ಎಂದು ಭವ್ಯ ಮೊದಲೇ ಹೇಳಿದ್ದಳು. ಅದನ್ನು ನಂಬಿ ವಾರಕ್ಕೊಮ್ಮೆ ಬಸ್ಸು ಹತ್ತಿದಳು. ಮನೆಯಲ್ಲಿ ಭವ್ಯ ಕಲಿಸಿದ ಹಾಗೆ ಅಡುಗೆಮನೆ ಗೋಡೆಯ ಮೇಲೆ ಬೆರಳುಗಳನ್ನು ಹಲ್ಲಿಯಂತೆ ಮೇಲಕ್ಕೆ ಹತ್ತಿಸಿದಳು. ಮಸಿ ಹಿಡಿದ ಗೋಡೆಯಲ್ಲಿ ಬೆರಳ ಗುರುತು ದಿನ ದಿನಕ್ಕೆ ಮೇಲೇರಿತು. ಮಾಲಿನಿ ಗೋಡೆ ಒರೆಸಲು ಹೋದರೆ, "ಬುಡು, ಅದು ನನ್ ಬೆಟ್ಟ" ಎಂದಳು. ಗುರುತು ದೀಪದ ಗೂಡು ಮುಟ್ಟಿದ ದಿನ ತುರುಬನ್ನು ತಾನೇ ಕಟ್ಟಿಕೊಂಡಳು. ಸೊಟ್ಟಗಿತ್ತು. ಸೊಟ್ಟಗೇ ಬಿಟ್ಟಳು.

ಚಿಕಿತ್ಸೆ ಮುಗಿದು ಕೆಲವು ವಾರಗಳಾಗಿದ್ದ ಒಂದು ಸೋಮವಾರ ಮಣೆಯನ್ನು ಮೂಲೆಗೆ ಸರಿಸಿ ಕೂತಳು. ಲಿಂಗವನ್ನು ಎಡ ಅಂಗೈಗಿಟ್ಟು ಎತ್ತಿದಳು. ಎದೆಯ ಮಟ್ಟ, ಕೊರಳಿನ ಮಟ್ಟ. ಅಲ್ಲಿ ಒಂದು ಸಣ್ಣ ಚಳುಕು. ಅದನ್ನೂ ದಾಟಿ ಕಣ್ಣಿಗೆ ಕಣ್ಣು. ಕೈ ನಡುಗಲಿಲ್ಲ.

"ಅಮ್ಮಿ, ನನ್ ಟವಲ್ಲೆಲ್ಲಮ್ಮಿ?" ಎಂದು ಹಟ್ಟಿಯಿಂದ ಕೂಗು ಬಂತು.

ಜಗಲಿಯಲ್ಲಿ ಎಲೆ ಅಡಿಕೆ ಕುಟ್ಟುತ್ತಿದ್ದ ಮರಿದೇವಮ್ಮ ಒಳಗೆ ಇಣುಕಿದರು. ಕುಟ್ಟಾಣಿ ನಿಂತಿತು.

"ಸುಮ್ಕಿರ್ಲಾ ಶಿವ್ರುದ್ರ. ಅವಳ ಕೈಲಿ ಲಿಂಗ ಅದೆ."

ಶಿವರುದ್ರಸ್ವಾಮಿ ಬರಿ ಹೆಗಲಲ್ಲೇ ಗದ್ದೆಗೆ ಹೊರಟ. ಹಾಲು ಉಕ್ಕುವ ವಾಸನೆ ಬಂತು, ಮಾಲಿನಿ ಓಡಿದ ಸದ್ದು ಕೇಳಿತು. ಶಂಕರಮ್ಮನ ಪೂಜೆ ಮುಗಿದೇ ಹೋಗಿತ್ತು. ಆದರೂ ಕೈ ಇಳಿಸಲಿಲ್ಲ. ಅಂಗೈ ಮೇಲಿನ ಪುಟ್ಟ ಕಪ್ಪು ಹೊಳಪನ್ನು ನೋಡುತ್ತ ಇನ್ನಷ್ಟು ಹೊತ್ತು ಹಾಗೇ ಕೂತಿದ್ದಳು.