ಬೋರ್ಡಿನ ಮೇಲಿನ ಐದು ಹೆಸರು

ಇದ್ದಿಲ ಪುಡಿಯ ಜೊತೆ ತೊಂಡೆ ಎಲೆ ಅರೆದು ಕಪ್ಪು ಹಲಗೆಗೆ ಹಚ್ಚುವಾಗ ಬರುತ್ತಿದ್ದ ಹಸಿ ವಾಸನೆ ನನಗೆ ಇನ್ನೂ ನೆನಪಿದೆ. ಚಿಕ್ಕವಳಿದ್ದಾಗ ಶನಿವಾರ ಆ ಕೆಲಸ ನಮ್ಮದೇ. ಹೊಸದಾಗಿ ಕಪ್ಪಾದ ಹಲಗೆಯ ಮೇಲೆ ಸೋಮವಾರ ಏನು ಬರೆಯುತ್ತಾರೋ ಎಂದು ಕಾಯುತ್ತಿದ್ದೆವು. ಮಕ್ಕಳು ಹಲಗೆ ನೋಡಿ ಹೆದರುವುದನ್ನು ನಾನು ಕಂಡದ್ದು ಈ ವರ್ಷವೇ.

ಮೂವತ್ನಾಲ್ಕು ವರ್ಷ ಪಾಠ ಹೇಳಿ ನಿವೃತ್ತಳಾದವಳು ನಾನು. ಈಗ ವಾರಕ್ಕೆರಡು ದಿನ ತಂಬ್ರಹಳ್ಳಿ ಕಡೆಯ ನಮ್ಮೂರ ಶಾಲೆಗೆ ಹೋಗಿ ಮಕ್ಕಳಿಗೆ ಓದು ಹೇಳಿಕೊಡುತ್ತೇನೆ. ಅಲ್ಲಿನ ಹೊಸ ಮೇಷ್ಟ್ರು ಗವಿಸಿದ್ದೇಶ್, ಮೂರನೇ ಮತ್ತು ನಾಲ್ಕನೇ ತರಗತಿಗಳನ್ನು ಒಂದೇ ಕೋಣೆಯಲ್ಲಿ ನೋಡಿಕೊಳ್ಳುತ್ತಾರೆ. ಗದ್ದಲ ತಡೆಯಲು ಅವರೊಂದು ನಿಯಮ ಮಾಡಿದ್ದರು. ಮಾತಾಡಿದ ಐವರ ಹೆಸರನ್ನು ಲೀಡರ್ ಶಾಂಭವಿ ದಿನಾ ಬೋರ್ಡಿನ ಮೇಲೆ ಬರೆಯಬೇಕು. ಉಳಿದವರೆಲ್ಲ ಉಂಡು ಏಳುವತನಕ ಆ ಐವರು ಪಡಸಾಲೆಯ ಗೋಡೆಗೆ ನಿಂತಿರಬೇಕು. ಅನ್ನ ಮಿಕ್ಕಿದರೆ ಅವರಿಗೆ ಊಟ.

ಇದು ನನಗೆ ತಿಳಿದದ್ದು ಮೊನ್ನೆ ಗುರುವಾರ. ಮೇಷ್ಟ್ರು ಹೊರಗೆ ಹೋಗಿದ್ದರೂ ಕೋಣೆಯಲ್ಲಿ ಯಾರೂ ತುಟಿ ಬಿಚ್ಚಿರಲಿಲ್ಲ. ಆದರೂ ಶಾಂಭವಿ ಐದು ಹೆಸರು ಬರೆದಳು. ಮೊದಲನೆಯದು ಅವಳದೇ.

"ಯಾಕವ್ವಾ, ನೀ ಎಲ್ಲಿ ಮಾತಾಡಿದಿ?" ಎಂದೆ.

"ಇಲ್ರಿ ಟೀಚರ್. ಐದು ಹೆಸರು ಇರ್ಲೇಬೇಕಂತಾರ್ರಿ ಸರ್. ಅದಕ್ಕ ನಾವೇ ಪಾಳಿ ಹಚ್ಚೀವಿ. ಇವತ್ತು ನನ್ನ ಪಾಳಿ. ಹುಲುಗಮ್ಮಂದು ಮಾತ್ರ ಬರಿಯಂಗಿಲ್ಲ."

"ಅದ್ಯಾಕ?"

"ಅವ್ರವ್ವ ನಸುಕಿಗೇ ಕೂಲಿಗೆ ಹೋಗ್ತಾಳ್ರಿ. ಇಕಿ ಮುಂಜಾನಿ ಏನೂ ಉಂಡಿರಂಗಿಲ್ಲ."

"ಮಾತೇನು ಕಡಿಮಿ ಇಲ್ರಿ ಆಕಿದು, ಗಿಣಿ ಅದಾಳ," ಎಂದ ಹಿಂದಿನ ಸಾಲಿನ ಹಂಪೇಶ. ಹುಲುಗಮ್ಮ ಅವನಿಗೆ ನಾಲಿಗೆ ತೋರಿಸಿದಳು.

ಎಂಟೊಂಬತ್ತು ವರ್ಷದ ಮಕ್ಕಳು ಹಸಿವನ್ನು ಸರಿಯಾಗಿ ಹಂಚಿಕೊಂಡಿದ್ದರು.

ಅಷ್ಟರಲ್ಲಿ ಗವಿಸಿದ್ದೇಶ್ ಬಂದು ಬೋರ್ಡು ನೋಡಿದರು. "ಹುಲುಗಮ್ಮನ ಹೆಸರು ಒಂದಿನಾನೂ ಬಂದಿಲ್ಲಲ್ಲ. ಗೆಳತಿ ಅಂತ ಬಿಟ್ಟಿಯೇನು?" ಎಂದು ಶಾಂಭವಿಯ ಹೆಸರು ಅಳಿಸಿ ಅಲ್ಲೇ ಹುಲುಗಮ್ಮನದು ಬರೆದರು.

ಬೆಲ್ ಆಯಿತು. ಹುಲುಗಮ್ಮ ಹೋಗಿ ಉಳಿದ ನಾಲ್ವರ ಜೊತೆ ಗೋಡೆಗೆ ನಿಂತಳು.

ಸಿಟ್ಟಿನಿಂದ ಮೇಷ್ಟ್ರ ಹಿಂದೆಯೇ ಪಡಸಾಲೆಗೆ ಬಂದೆ. ಮಕ್ಕಳೆದುರು ಆಡಬಾರದೆಂದುಕೊಂಡೆ, ಆಗಲಿಲ್ಲ.

"ಆ ಅನ್ನ ನಿಮ್ಮ ಮನಿಯಿಂದ ತಂದದ್ದಲ್ಲ ಸರ್. ತಡೆಯಾಕ ನೀವ್ಯಾರು?"

"ನಿಮ್ಮ ಕಾಲದಾಗ ಕೋಲಿತ್ತು ಟೀಚರ್. ಈಗ ಮೈ ಮುಟ್ಟಂಗಿಲ್ಲ. ನಲವತ್ತೆರಡು ಮಂದಿನ್ನ ಒಬ್ಬವ ಹೆಂಗ ಸಂಭಾಳಿಸ್ಲಿ, ನೀವೇ ಹೇಳ್ರಿ."

"ಕೋಲು ಹಿಡಿದಾಕಿನೇ ನಾನೂ. ನೆನಸಿಕೊಂಡ್ರ ಇವತ್ತಿಗೂ ನಾಚಿಕಿ ಆಗ್ತೈತಿ. ಆದ್ರ ಯಾರ ತಾಟೂ ಕಸಗೊಂಡಿಲ್ಲ. ಮಾತಾಡದ ಕೂಸುಗಳ ಹೆಸರು ಬರ್ಸಾಕತ್ತೀರಿ ನೀವು. ಅವು ಪಾಳಿ ಹಚ್ಚಿ ಉಪವಾಸ ನಿಲ್ಲಾಕತ್ಯಾವು, ಗೊತ್ತೇನು ನಿಮಗ?"

ಅವರಿಗೆ ಗೊತ್ತಿರಲಿಲ್ಲ. ಮುಖ ಕೆಂಪಾಯಿತು. "ನಾಳಿ ಹೆಡ್‌ಮಾಸ್ಟರು ಬರ್ಲಿ, ಕುಂತು ಮಾತಾಡೋಣ್ರಿ."

"ಆಕಿ ಹೊಟ್ಟಿ ನಾಳಿತನ ಕಾಯ್ತೈತೇನು?"

ನನ್ನ ದನಿ ಅಷ್ಟು ಏರಿದ್ದು ನನಗೇ ಹೊಸದು. ಉಣ್ಣುತ್ತಿದ್ದ ಮಕ್ಕಳು ಕೈ ತಡೆದು ನೋಡುತ್ತಿದ್ದರು. ಗವಿಸಿದ್ದೇಶ್ ಅಡುಗೆ ಕೋಣೆಯ ಬಾಗಿಲಿಗೆ ಅಡ್ಡವಾಗಿಯೇ ನಿಂತಿದ್ದರು. ನಾನೂ ಸರಿಯಲಿಲ್ಲ.

ಅಡುಗೆಯ ಅಂಜಿನಕ್ಕ ಇಬ್ಬರ ಮುಖವನ್ನೂ ನೋಡಲಿಲ್ಲ. ಅನ್ನ, ಸಾರು ಬಡಿಸಿದ ತಾಟು ಹಿಡಿದು ನಮ್ಮಿಬ್ಬರ ನಡುವೆಯೇ ಹಾದು ಹೋಗಿ, ಹುಲುಗಮ್ಮನ ಕೈಗೆ ಕೊಟ್ಟಳು. ಮತ್ತೆ ನಾಲ್ಕು ತಾಟು ತರಲು ಒಳಗೆ ಹೋದಳು.